ಮಸ್ಕಿಯಿಂದ ಇಸಿಲಕ್ಕೆ ಏಳು ದಿನ

ಮನೆ ಬಿಟ್ಟು ದೂರ ಹೋದವರಿಗೆ ಬರೆಯುವ ಕಾಗದ ಯಾವ ಮಾತಿನಿಂದ ಶುರುವಾಗುತ್ತದೆ? "ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಕ್ಷೇಮಕ್ಕೆ ಪತ್ರ ಬರೆ." ಆಮೇಲೆ ಉಳಿದ ವಿಷಯ. ಕಾಗದದ ಜಾಗಕ್ಕೆ ಫೋನು ಬಂದರೂ ಈ ಕ್ರಮ ಬದಲಾಗಿಲ್ಲ. ಸಿಂಧನೂರಿನ ತಾಯಿ ಬೆಂಗಳೂರಿನ ಹಾಸ್ಟೆಲಿನಲ್ಲಿರುವ ಮಗನಿಗೆ ಮೊದಲು ಕೇಳುವುದು "ಆರಾಮ ಇದ್ದೀಯೇನಪಾ?" ಎಂದೇ. ಅಂಕಪಟ್ಟಿಯ ವಿಚಾರ ಎರಡನೆಯದು.

ಈ ಕ್ರಮ ಎಷ್ಟು ಹಳೆಯದು? ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಒಂದು ಬಂಡೆ ಇದೆ. ಅದರ ಮೇಲೆ ಅಶೋಕ ಚಕ್ರವರ್ತಿಯ ಧರ್ಮಶಾಸನ ಕೊರೆಯಲಾಗಿದೆ. ಆದರೆ ಶಾಸನ ಚಕ್ರವರ್ತಿಯ ಮಾತಿನಿಂದ ಪ್ರಾರಂಭವಾಗುವುದಿಲ್ಲ. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸುತ್ತಾರೆ, ಬಳಿಕ ಹೀಗೆ ತಿಳಿಸುತ್ತಾರೆ ಎಂಬುದು ಅದರ ಮೊದಲ ಸಾಲುಗಳ ತಾತ್ಪರ್ಯ. ಆರ್ಯಪುತ್ರ ಎಂದರೆ ದಕ್ಷಿಣ ಪ್ರಾಂತ್ಯವನ್ನು ಆಳುತ್ತಿದ್ದ ರಾಜಕುಮಾರ. ಮಹಾಮಾತ್ರರು ದೊಡ್ಡ ಅಧಿಕಾರಿಗಳು. ಇಸಿಲ ಎಂದರೆ ಬ್ರಹ್ಮಗಿರಿಯ ಬುಡದಲ್ಲಿದ್ದ ಪಟ್ಟಣ. ಮೂಲ ಶಾಸನದ ಜೊತೆಗೆ ಕಳಿಸಿದ್ದ ಕಚೇರಿ ಕಾಗದದ ಕ್ಷೇಮಸಮಾಚಾರವನ್ನೂ ಲಿಪಿಕಾರ ಬಿಡದೆ ಬಂಡೆಗೆ ಇಳಿಸಿಬಿಟ್ಟ. ಸುಮಾರು 2,280 ವರ್ಷಗಳಿಂದ ಆ ಬಂಡೆ ಇಸಿಲದವರ ಆರೋಗ್ಯ ವಿಚಾರಿಸುತ್ತಲೇ ಇದೆ.

ಆ ಕಾಗದವನ್ನು ಹೊತ್ತು ತಂದವರು ಯಾರು? ಮನೆಯಿಂದ ನೂರಾರು ಹರದಾರಿ ದೂರ, ತಿಳಿಯದ ಭಾಷೆಯ ನಾಡಿನಲ್ಲಿ, ಧರ್ಮದ ಮಾತು ಹೇಳುತ್ತ ನಡೆದ ಆ ತರುಣರ ಒಂದು ವಾರ ಹೇಗಿದ್ದೀತು? ದಿನಚರಿ ಬರೆದಿಟ್ಟವರು ಯಾರೂ ಇಲ್ಲ. ಆದರೆ ಬಂಡೆಗಳಿವೆ, ಹೊಳೆ ಇದೆ, ಮಣ್ಣಿದೆ, ನಕ್ಷತ್ರಗಳಿವೆ. ಇವುಗಳ ಸಾಕ್ಷ್ಯ ಹಿಡಿದು ಲೆಕ್ಕ ಹಾಕಬಹುದು.

ಹೆಸರು ಹೇಳಿದ ಬಂಡೆ

ಲೆಕ್ಕ ಶುರುವಾಗಬೇಕಾದದ್ದು ಮಸ್ಕಿಯಿಂದ. ಹಿಂದೆ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ತಾನೇ ಒಂದು ತಾಲ್ಲೂಕು ಕೇಂದ್ರ. 1915ರ ಜನವರಿ 27ರಂದು ಇಲ್ಲಿನ ಗುಡ್ಡದಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಅಕ್ಷರಗಳಿದ್ದ ಒಂದು ಬಂಡೆ ಬಿತ್ತು. ಅವರು ಹುಡುಕುತ್ತಿದ್ದದ್ದು ಚಿನ್ನ, ಸಿಕ್ಕಿದ್ದು ಒಂದು ಹೆಸರು.

ಆ ಹೆಸರಿನ ಮಹತ್ವ ತಿಳಿಯಬೇಕಾದರೆ 1837ಕ್ಕೆ ಹೋಗಬೇಕು. ಆ ವರ್ಷ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದುವ ಬಗೆ ಕಂಡುಹಿಡಿದರು. ಶಾಸನಗಳಲ್ಲೆಲ್ಲ "ದೇವಾನಾಂಪ್ರಿಯ ಪ್ರಿಯದರ್ಶಿ" ಎಂಬ ರಾಜನ ಮಾತು ಕೇಳಿಬಂತು. ಇವನೇ ಅಶೋಕನೆಂದು ಸಿಂಹಳದ ಗ್ರಂಥಗಳ ಆಧಾರದಿಂದ ಜಾರ್ಜ್ ಟರ್ನರ್ ಸೂಚಿಸಿದರು. ಆದರೆ ಅದು ಊಹೆ. ಅಲ್ಲಿಯತನಕ ಸಿಕ್ಕಿದ್ದ ಈ ರಾಜನ ಯಾವ ಶಾಸನದಲ್ಲೂ ಅಶೋಕ ಎಂಬ ಹೆಸರು ಇರಲಿಲ್ಲ. ಮಸ್ಕಿಯ ಬಂಡೆಯ ಮೇಲೆ "ದೇವಾನಾಂಪ್ರಿಯ ಅಶೋಕ" ಎಂದೇ ಇತ್ತು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದಾಗ 78 ವರ್ಷಗಳ ಊಹೆ ಸತ್ಯವಾಯಿತು. ವಿಜ್ಞಾನದಲ್ಲಿ ಇದನ್ನು ಸಾಕ್ಷ್ಯದಿಂದ ಸಿದ್ಧಪಡಿಸುವುದು ಎನ್ನುತ್ತಾರೆ. ಮುಂದೆ ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೆಗೋಳಗಳಲ್ಲೂ ಅದೇ ಹೆಸರು ಸಿಕ್ಕಿತು.

ಚಿನ್ನ ಹುಡುಕುವವರು ಮಸ್ಕಿಗೆ ಬಂದದ್ದು ಆಕಸ್ಮಿಕವಲ್ಲ. ಹಟ್ಟಿಯಿಂದ ಮಸ್ಕಿಯ ಕಡೆಗೆ ಚಿನ್ನವಿರುವ ಪುರಾತನ ಶಿಲೆಗಳ ಪಟ್ಟೆಯೊಂದು ಹಾದುಹೋಗಿದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೆಯುತ್ತಾರೆ. ಅಲ್ಲಿನ ಹಳೆಯ ಸುರಂಗಗಳಲ್ಲಿ ಸಿಕ್ಕ ಮರದ ತುಂಡನ್ನು ರೇಡಿಯೋ ಕಾರ್ಬನ್ ವಿಧಾನದಿಂದ ಪರೀಕ್ಷಿಸಿದಾಗ ಅದರ ವಯಸ್ಸು ಎರಡು ಸಾವಿರ ವರ್ಷಗಳ ಆಸುಪಾಸು ಬಂತು. ಸುವರ್ಣಗಿರಿ ಎಂಬ ಹೆಸರಿಗೆ ಇಂಥ ನೆಲವೇ ತಕ್ಕದ್ದು. ಆ ರಾಜಧಾನಿ ಮಸ್ಕಿಯೇ ಎಂದು ಕೆಲವು ವಿದ್ವಾಂಸರೂ, ಕನಕಗಿರಿ ಎಂದು ಕೆಲವರೂ, ಆಂಧ್ರದ ಜೊನ್ನಗಿರಿ ಎಂದು ಮತ್ತೆ ಕೆಲವರೂ ವಾದಿಸಿದ್ದಾರೆ. ಮೊದಲೆರಡರಲ್ಲಿ ಯಾವುದನ್ನು ಹಿಡಿದರೂ ದಾರಿ ತುಂಗಭದ್ರೆಯನ್ನು ದಾಟಿಯೇ ಬ್ರಹ್ಮಗಿರಿಗೆ ಹೋಗಬೇಕು.

ಏಳು ದಿನದ ಲೆಕ್ಕ

ಮಸ್ಕಿ 16 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರವಿದೆ, ಬ್ರಹ್ಮಗಿರಿ 14.8 ಡಿಗ್ರಿಯಲ್ಲಿ. ಒಂದು ಡಿಗ್ರಿ ಅಕ್ಷಾಂಶಕ್ಕೆ 111 ಕಿಲೋಮೀಟರ್. ಹಾಗಾದರೆ ನೇರ ಗೆರೆಯಲ್ಲಿ ಎರಡರ ನಡುವೆ ಸುಮಾರು 130 ಕಿ.ಮೀ. ಕಾಲುದಾರಿ ನೇರವಾಗಿರುವುದಿಲ್ಲ, ಗುಡ್ಡ, ಹಳ್ಳ ಸುತ್ತಿ ಹೋಗುತ್ತದೆ. ಕಾಲುಭಾಗ ಹೆಚ್ಚಿಗೆ ಹಿಡಿದರೆ 160 ಕಿ.ಮೀ. ಗಂಟೆಗೆ 4 ಕಿ.ಮೀ.ನಂತೆ ದಿನಕ್ಕೆ ಆರು ಗಂಟೆ ನಡೆದರೆ 24 ಕಿ.ಮೀ. ಏಳನೆಯ ದಿನ ಇಸಿಲದ ಬಾಗಿಲು ಕಾಣಿಸಬೇಕು.

ಆದರೆ ಯಾವ ಏಳು ದಿನ? ಮಳೆಗಾಲದಲ್ಲಂತೂ ಅಲ್ಲ. ಮಸ್ಕಿ ದಾಟಿ ಸಿಂಧನೂರಿನತ್ತ ಹೊರಟವನ ಕಾಲಿಗೆ ಸಿಗುವುದು ಎರೆಮಣ್ಣು. ಈ ಮಣ್ಣಿನ ಜೇಡಿಕಣಗಳು ನೀರು ಹೀರಿ ಉಬ್ಬುತ್ತವೆ, ಒಣಗಿದಾಗ ಕುಗ್ಗಿ ಬಿರಿಯುತ್ತವೆ. ಮಳೆ ಬಿದ್ದ ದಿನ ಹೆಜ್ಜೆಗೊಂದು ಸೇರು ಮಣ್ಣು ಮೆಟ್ಟಿಗೆ ಅಂಟುತ್ತದೆ. ಎತ್ತುಗಳೇ ಮೊಣಕಾಲುದ್ದ ಹೂತುಕೊಳ್ಳುವಾಗ ನಡೆಯುವವನ ಪಾಡೇನು? ಬೌದ್ಧ ಭಿಕ್ಷುಗಳು ಮಳೆಗಾಲದಲ್ಲಿ ತಿರುಗಾಟ ನಿಲ್ಲಿಸಿ ಒಂದೆಡೆ ನೆಲೆಸಬೇಕೆಂಬ ನಿಯಮಕ್ಕೆ ಪ್ರಕೃತಿಯ ಒಪ್ಪಿಗೆಯೂ ಇತ್ತು. ಆದ್ದರಿಂದ ಪಯಣ ಹೊರಡಬೇಕಾದದ್ದು ತುಂಗಭದ್ರೆಯ ಪ್ರವಾಹ ಇಳಿದ ಮೇಲೆ, ಕಾರ್ತಿಕದ ಹೊತ್ತಿಗೆ.

ಮೊದಲ ಎರಡು ದಿನ ಈ ಎರೆಬಯಲು. ಇಂದು ಸಿಂಧನೂರಿನ ಸುತ್ತ ಕಣ್ಣು ಹಾಯುವಷ್ಟು ದೂರ ಭತ್ತದ ಗದ್ದೆ. ಅದು ತುಂಗಭದ್ರಾ ಎಡದಂಡೆ ಕಾಲುವೆಯ ಕೊಡುಗೆ. ಅಣೆಕಟ್ಟಿನಲ್ಲಿ ನೀರು ನಿಂತದ್ದು 1953ರಲ್ಲಿ. ಅಶೋಕನ ಕಾಲದ ನಡಿಗೆಯವನಿಗೆ ಇಲ್ಲಿ ಕಂಡದ್ದು ಮಳೆ ನಂಬಿದ ಹೊಲ ಮತ್ತು ಬಯಲು. ಬುತ್ತಿಯಲ್ಲಿ ಏನಿತ್ತು? ಬಳ್ಳಾರಿ ಸೀಮೆಯ ಸಂಗನಕಲ್ಲು, ತೆಕ್ಕಲಕೋಟೆಗಳ ಉತ್ಖನನದಲ್ಲಿ ಸುಟ್ಟು ಕರಿಯಾದ ಕಾಳುಗಳು ಸಿಕ್ಕಿವೆ. ಹುರುಳಿ, ಹೆಸರು, ಕೊರಲೆಯಂಥ ಕಿರುಧಾನ್ಯಗಳು ಅಶೋಕನಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಮೊದಲೇ ಈ ನೆಲದ ಆಹಾರವಾಗಿದ್ದವು. ಇರದಿದ್ದುದನ್ನೂ ನೆನೆಯಬೇಕು. ಮೆಣಸಿನಕಾಯಿ ಇಲ್ಲ, ಶೇಂಗಾ ಇಲ್ಲ, ಟೊಮೆಟೊ ಇಲ್ಲ. ಇವೆಲ್ಲ ಅಮೆರಿಕ ಖಂಡದ ಬೆಳೆಗಳು. ಪೋರ್ಚುಗೀಸರ ಕಾಲದ ನಂತರ ಬಂದವು. ಶೇಂಗಾ ಚಟ್ನಿಯಿಲ್ಲದ ಬುತ್ತಿಯನ್ನು ರಾಯಚೂರು ಸೀಮೆಯ ಮಕ್ಕಳು ಊಹಿಸಿಕೊಳ್ಳುವುದೇ ಕಷ್ಟ!

ಮೂರನೆಯ ದಿನ ಹೊಳೆ. ಹರಿಗೋಲಿನಲ್ಲೋ ಹಾಯ್ಗಡದಲ್ಲೋ ತುಂಗಭದ್ರೆ ದಾಟಿದರೆ ಆಚೆ ದಂಡೆಯ ಸೀಮೆಯಲ್ಲಿ ನಿಟ್ಟೂರು, ಉದೆಗೋಳ. ಎರಡು ಕಡೆಯೂ ಅಶೋಕನ ಶಾಸನಗಳಿವೆ. ಮಸ್ಕಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ನಿಟ್ಟೂರು, ಉದೆಗೋಳ, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಈ ಎಂಟೂ ನೆಲೆಗಳನ್ನು ನಕ್ಷೆಯಲ್ಲಿ ಗುರುತಿಸಿದರೆ ದೂತರ ಹೆಜ್ಜೆಗಳೇ ಕಾಣಿಸುತ್ತವೆ. ಅಲ್ಲಿಂದ ಇನ್ನು ನಾಲ್ಕು ದಿನ ತೆಂಕಣಕ್ಕೆ, ಬಳ್ಳಾರಿಯ ಬೋಳುಗುಡ್ಡಗಳ ಸೀಮೆ ಹಾದು, ಇಸಿಲ.

ವಾರವೇ ಇಲ್ಲದ ವಾರ

ಇಲ್ಲೊಂದು ತಮಾಷೆ ಇದೆ. ಈ ದೂತನನ್ನು "ಇವತ್ತು ಯಾವ ವಾರ?" ಎಂದು ಕೇಳಿದ್ದರೆ ಅವನಿಗೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ಸೋಮವಾರ, ಮಂಗಳವಾರ ಎಂಬ ಲೆಕ್ಕ ಅಶೋಕನ ಯಾವ ಶಾಸನದಲ್ಲೂ ಇಲ್ಲ. ನಮ್ಮ ದೇಶದ ಶಾಸನಗಳಲ್ಲಿ ವಾರದ ಹೆಸರು ಖಚಿತವಾಗಿ ಕಾಣಿಸಿಕೊಳ್ಳುವುದು ಬುಧಗುಪ್ತನ ಎರಣ ಶಾಸನದಲ್ಲಿ, ಕ್ರಿ.ಶ. 484ರಲ್ಲಿ. ಅಂದು ಗುರುವಾರ.

ಅಶೋಕನ ಕಾಲದ ಗಡಿಯಾರ ಚಂದ್ರ. ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆಗಳು ಮುಖ್ಯ ದಿನಗಳು. ತಿಷ್ಯ, ಅಂದರೆ ಪುಷ್ಯ ನಕ್ಷತ್ರದ ದಿನ ಶಾಸನವನ್ನು ಜನರಿಗೆ ಓದಿ ಹೇಳಬೇಕೆಂದು ಕಳಿಂಗದ ಅಧಿಕಾರಿಗಳಿಗೆ ಆಜ್ಞೆಯಾಗಿತ್ತು. ಚಂದ್ರನ ಅರ್ಧಬಿಂಬದಿಂದ ಪೂರ್ಣಬಿಂಬಕ್ಕೆ ಏಳೆಂಟು ದಿನ. ಅಷ್ಟಮಿಯ ಅರ್ಧಚಂದ್ರನ ಬೆಳಕಿನಲ್ಲಿ ಮಸ್ಕಿ ಬಿಟ್ಟವನು ಹುಣ್ಣಿಮೆಯ ಬೆಳದಿಂಗಳಲ್ಲಿ ಇಸಿಲ ಸೇರಬಹುದಿತ್ತು.

ಬ್ರಹ್ಮಗಿರಿಯ ಶಾಸನದಲ್ಲಿ ಒಂದು ಸಂಖ್ಯೆ ಇದೆ: 256. ಪ್ರವಾಸದಲ್ಲಿ ಕಳೆದ ರಾತ್ರಿಗಳ ಸಂಖ್ಯೆ ಇದು ಎಂಬುದು ಹೆಚ್ಚಿನ ವಿದ್ವಾಂಸರು ಹೇಳುವ ಅರ್ಥ. ಏಳರಿಂದ ಭಾಗಿಸಿದರೆ 36 ವಾರ, 4 ದಿನ. ಮನೆಯ ಹೊರಗೆ ಮಲಗಿದ ಒಂದೊಂದು ರಾತ್ರಿಯನ್ನೂ ಎಣಿಸಿದ್ದಾರೆ. ಹಾಸ್ಟೆಲಿನ ಮಕ್ಕಳು ದಸರೆ ರಜೆಗೆ ಇನ್ನೆಷ್ಟು ದಿನ ಎಂದು ಗೋಡೆಯ ಮೇಲೆ ಗೆರೆ ಎಳೆಯುವುದು ನೆನಪಾಗದೆ ಇರದು.

ಏನು ಹೇಳಬೇಕಿತ್ತು?

ಇಷ್ಟು ದೂರ ಹೊತ್ತು ತಂದ ಮಾತಾದರೂ ಯಾವುದು? ನಾನು ಶಾಕ್ಯ ಬುದ್ಧನ ಅನುಯಾಯಿ ಎಂದು ಮಸ್ಕಿಯ ಶಾಸನದಲ್ಲಿ ಅಶೋಕ ಹೇಳಿಕೊಳ್ಳುತ್ತಾನೆ. ಆದರೆ ಕೇಳುವವರು ತನ್ನ ಮತಕ್ಕೆ ಸೇರಬೇಕೆಂದು ಅಪ್ಪಣೆ ಮಾಡುವುದಿಲ್ಲ. ಧರ್ಮದಲ್ಲಿ ನಡೆದರೆ ಸಣ್ಣವನೂ ಮೇಲಿನ ಸ್ಥಿತಿ ಪಡೆಯಬಲ್ಲ. ದೊಡ್ಡವರಿಗೆ ಮಾತ್ರ ಅದು ಸಾಧ್ಯ ಎಂದು ತಿಳಿಯಬೇಡಿ. ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳಿ ಎಂಬುದು ಅಲ್ಲಿನ ಸಾರ. ಜಾತಿ, ಹಣ, ಅಧಿಕಾರಗಳ ಮೆಟ್ಟಿಲು ಎಲ್ಲ ಕಾಲದಲ್ಲೂ ಇದ್ದದ್ದೇ. ಅಂಥ ಸಮಾಜದಲ್ಲಿ ಈ ಮಾತನ್ನು ಹಳ್ಳಿಯ ಕಟ್ಟೆಯ ಮೇಲೆ ನಿಂತು ಹೇಳಲು ಧೈರ್ಯ ಬೇಕು.

ಬ್ರಹ್ಮಗಿರಿಯ ಶಾಸನ ಇನ್ನೂ ಮುಂದೆ ಹೋಗುತ್ತದೆ. ತಾಯಿತಂದೆಗಳ ಮಾತು ಕೇಳಬೇಕು, ಹಿರಿಯರನ್ನು ಗೌರವಿಸಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಆದರಿಸಬೇಕು. ನಿಟ್ಟೂರಿನ ಹಾಗೂ ಆಂಧ್ರದ ಎರ್ರಗುಡಿಯ ಪಾಠಗಳಲ್ಲಿ ಇದನ್ನು ತಲುಪಿಸುವ ವ್ಯವಸ್ಥೆಯೂ ಇದೆ. ಮಹಾಮಾತ್ರರು ರಜ್ಜುಕರಿಗೆ ಹೇಳಬೇಕು. ರಜ್ಜು ಎಂದರೆ ಹಗ್ಗ. ಹಗ್ಗ ಹಿಡಿದು ನೆಲ ಅಳೆಯುತ್ತಿದ್ದ ಅಧಿಕಾರಿಗಳೆಂದು ವಿದ್ವಾಂಸರು ಅರ್ಥ ಮಾಡುತ್ತಾರೆ. ಅವರು ಭೇರಿ ಬಾರಿಸಿ ಊರವರಿಗೆ ಸಾರಬೇಕು. ಆನೆ ಪಳಗಿಸುವವರು, ರಥ ಕಲಿಸುವವರು, ಕರಣಿಕರು, ಬ್ರಾಹ್ಮಣರು ತಮ್ಮ ತಮ್ಮ ಶಿಷ್ಯರಿಗೆ ತಿಳಿಸಬೇಕು. ಶಾಲೆ ಇಲ್ಲದ ಕಾಲದಲ್ಲಿ ಕಸುಬು ಕಲಿಯುವ ಪ್ರತಿ ಜಾಗವನ್ನೂ ಪಾಠಶಾಲೆ ಮಾಡುವ ಉಪಾಯ ಇದು.

ಕಷ್ಟ ಬೇರೆಡೆ ಇತ್ತು. ಶಾಸನದ ಭಾಷೆ ಪ್ರಾಕೃತ. ಈ ನೆಲದ ಜನರ ಮಾತು ಬೇರೆ. ಇಸಿಲ ಎಂಬ ಊರ ಹೆಸರೇ ಕನ್ನಡದ್ದೆಂದು ಡಿ.ಎಲ್. ನರಸಿಂಹಾಚಾರ್ಯರು ವಾದಿಸಿದ್ದರು. ಪೂರ್ಣ ಕನ್ನಡದಲ್ಲಿ ಬರೆದ ಹಲ್ಮಿಡಿ ಶಾಸನ ಬರಲು ಇನ್ನೂ ಏಳುನೂರು ವರ್ಷ ಬೇಕಿತ್ತು. ಆದ್ದರಿಂದ ಬಂಡೆಯ ಅಕ್ಷರವಷ್ಟೇ ಸಾಲದು. ಎದುರಿಗೆ ಕುಳಿತವರ ಮಾತು ಕಲಿತು, ಅವರ ಮಾತಿನಲ್ಲೇ ಬಿಡಿಸಿ ಹೇಳುವವನೊಬ್ಬ ಬೇಕು. ಶಾಸನಗಳು ತಮ್ಮನ್ನು "ಸಾವಣ" ಎಂದು ಕರೆದುಕೊಳ್ಳುತ್ತವೆ. ಶ್ರಾವಣ, ಕಿವಿಗೆ ಕೇಳಿಸುವುದು. ಓದುವುದಕ್ಕಿಂತ ಮೊದಲು ಕೇಳಿಸಬೇಕು.

ಹೇಳುವ ನಾಲಗೆಗೂ ಒಂದು ಕಟ್ಟಿತ್ತು. ಅಶೋಕನ ಹನ್ನೆರಡನೆಯ ಶಿಲಾಶಾಸನ ಮಾತಿನ ಸಂಯಮವನ್ನು ಬೋಧಿಸುತ್ತದೆ. ತನ್ನ ಮತವನ್ನು ಹೊಗಳಲೆಂದು ಪರರ ಮತವನ್ನು ಜರೆದವನು ತನ್ನ ಮತಕ್ಕೇ ಕೇಡು ಮಾಡುತ್ತಾನೆ ಎಂಬುದು ಅದರ ತಿರುಳು. ಅದರ ಒಂದು ಪ್ರತಿ 1989ರಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಚಂದ್ರಲಾಂಬಾ ಗುಡಿಯಲ್ಲಿ ದೊರೆಯಿತು. ಮತಪ್ರಸಾರಕ ಎಂದೊಡನೆ ಪರಮತವನ್ನು ಹಳಿಯುವವನೆಂದು ತಿಳಿಯುವವರು, ಹಾಗೆ ಹಳಿಯುವುದೇ ಪ್ರಸಾರವೆಂದು ತಿಳಿದವರು, ಇಬ್ಬರೂ ಓದಬೇಕಾದ ಮಾತು.

ಅಮ್ಮ ಬಡಿಸಿದ ಊಟ

ಅಶೋಕನ ದೂತರು ಅವನ ರಾಜ್ಯದ ಗಡಿಯಾಚೆಗೂ ಹೋದರು. ಸಿರಿಯ, ಈಜಿಪ್ಟ್, ಮ್ಯಾಸಿಡೋನಿಯಗಳ ದೊರೆಗಳ ಹೆಸರು ಹದಿಮೂರನೆಯ ಶಿಲಾಶಾಸನದಲ್ಲಿದೆ. ಭಿಕ್ಷುಗಳು ಹೋದ ಕಥೆಯನ್ನು ಸಿಂಹಳದ ಮಹಾವಂಸ ಹೇಳುತ್ತದೆ. ಮಹಾದೇವ ಮಹಿಷಮಂಡಲಕ್ಕೆ, ರಕ್ಖಿತ ವನವಾಸಿಗೆ, ಅಂದರೆ ನಮ್ಮ ಬನವಾಸಿಗೆ. ಅಶೋಕನ ಮಗ ಮಹಿಂದ ಸಿಂಹಳಕ್ಕೆ. ಇಪ್ಪತ್ತರಲ್ಲಿ ಭಿಕ್ಷುವಾಗಿ ಹನ್ನೆರಡು ವರ್ಷ ಕಳೆದಿದ್ದ ಮಹಿಂದನಿಗೆ ಆಗ 32 ವರ್ಷ. ಸಮುದ್ರದಾಚೆಗೆ ಹೋಗುವ ಮುನ್ನ ಅವನು ವಿದಿಶೆಗೆ ಹೋಗಿ ತಾಯಿ ದೇವಿಯನ್ನು ಕಂಡ. ಆಕೆ ಮಗನಿಗೂ ಜೊತೆಯವರಿಗೂ ಊಟ ಬಡಿಸಿದಳು. ಒಂದು ತಿಂಗಳು ಅಲ್ಲಿದ್ದು ಹೊರಟ ಮಗ ಸಿಂಹಳದಲ್ಲೇ ಉಳಿದ, ಅಲ್ಲೇ ಕೊನೆಯುಸಿರೆಳೆದ. ಧರ್ಮ, ರಾಜ್ಯ, ಚರಿತ್ರೆ ಎಲ್ಲವನ್ನೂ ಬರೆಯಹೊರಟ ಗ್ರಂಥ ಆ ಊಟವನ್ನು ಮರೆಯಲಿಲ್ಲ.

ಒಂದು ಪದದ ಊರು

ಬ್ರಹ್ಮಗಿರಿಗೆ ಮರಳೋಣ. ಶಾಸನದ ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಹೆಸರು ಬ್ರಾಹ್ಮಿಯಲ್ಲಿದೆ. ಆದರೆ "ಲಿಪಿಕಾರನಿಂದ" ಎಂಬ ಕೊನೆಯ ಪದ ಖರೋಷ್ಠಿ ಲಿಪಿಯಲ್ಲಿದೆ. ಖರೋಷ್ಠಿ ಬಲದಿಂದ ಎಡಕ್ಕೆ ಬರೆಯುವ ಲಿಪಿ. ಅದು ಬಳಕೆಯಲ್ಲಿದ್ದದ್ದು ಗಾಂಧಾರದ ಕಡೆ, ಇಂದಿನ ಪಾಕಿಸ್ತಾನದ ವಾಯವ್ಯ ಭಾಗದಲ್ಲಿ. ಅಲ್ಲಿನ ಮಾನಸೆಹ್ರಾದಲ್ಲಿ ಅಶೋಕನ ಶಾಸನಗಳು ಖರೋಷ್ಠಿಯಲ್ಲೇ ಇವೆ. ಅಲ್ಲಿಂದ ಬ್ರಹ್ಮಗಿರಿಗೆ ನೇರ ಗೆರೆಯಲ್ಲೇ ಸುಮಾರು 2,200 ಕಿ.ಮೀ. ಚಪಡ ಆ ಕಡೆಯವನು, ಇಲ್ಲವೇ ಆ ಕಡೆ ವಿದ್ಯೆ ಕಲಿತವನು ಎಂದು ವಿದ್ವಾಂಸರು ಊಹಿಸುತ್ತಾರೆ.

ಅಂಥವನು ಇಲ್ಲಿ ರಾತ್ರಿ ತಲೆ ಎತ್ತಿ ನೋಡಿದಾಗ ಆಕಾಶವೂ ಬೇರೆಯೇ. ಮಾನಸೆಹ್ರಾದ ಅಕ್ಷಾಂಶದಲ್ಲಿ ಅಗಸ್ತ್ಯ ನಕ್ಷತ್ರ ದಕ್ಷಿಣ ದಿಗಂತದಿಂದ ಬರೀ ಮೂರು ಡಿಗ್ರಿ ಏರಿ ಮುಳುಗುತ್ತದೆ. ಬೆಟ್ಟ ಅಡ್ಡವಿದ್ದರೆ ಕಾಣುವುದೇ ಇಲ್ಲ. ಬ್ರಹ್ಮಗಿರಿಯಲ್ಲಿ ಅದೇ ನಕ್ಷತ್ರ 22 ಡಿಗ್ರಿ ಮೇಲೇರಿ ಥಳಥಳಿಸುತ್ತದೆ. ತೋಳು ಚಾಚಿ ಹಿಡಿದ ಒಂದು ಮುಷ್ಟಿಗೆ ಸುಮಾರು 10 ಡಿಗ್ರಿ. ಅಗಸ್ತ್ಯ ಎರಡು ಮುಷ್ಟಿ ಮೇಲೆ ಬಂದಿತ್ತು, ಊರ ಕಡೆಯ ಉತ್ತರ ಧ್ರುವಬಿಂದು ಎರಡು ಮುಷ್ಟಿ ಕೆಳಗೆ ಇಳಿದಿತ್ತು. ಎಷ್ಟು ದೂರ ಬಂದೆನೆಂದು ಅವನಿಗೆ ಹೇಳಲು ಮೈಲಿಗಲ್ಲು ಬೇಕಿರಲಿಲ್ಲ.

ಗ್ರಾನೈಟಿನ ಬಂಡೆಯಲ್ಲಿ ಅಕ್ಷರ ಕೊರೆಯುವುದು ನಿಧಾನದ ಕೆಲಸ. ಶಿಲೆಯಲ್ಲಿರುವ ಬೆಣಚು ಮೆದು ಕಬ್ಬಿಣಕ್ಕಿಂತ ಗಟ್ಟಿ. ಉಳಿಯ ಮೊನೆ ಮತ್ತೆ ಮತ್ತೆ ಮೊಂಡಾಗುತ್ತದೆ, ಮತ್ತೆ ಮತ್ತೆ ಕಾಸಿ ಹದ ಮಾಡಬೇಕು. ಅಷ್ಟು ಶ್ರಮದ ಕೆಲಸದಲ್ಲಿ ಬೇಡದ ಒಂದು ಅಕ್ಷರವನ್ನೂ ಯಾರೂ ಬರೆಸುವುದಿಲ್ಲ. ಆದರೂ ಚಪಡ ಆ ಪದವನ್ನು ಇಲ್ಲಿ ಒಬ್ಬರೂ ಓದಲಾರದ ಲಿಪಿಯಲ್ಲಿ ಬರೆದ. ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲೂ ಅವನ ಹೆಸರಿದೆ. ಚಕ್ರವರ್ತಿಯ ಮಾತನ್ನು ಎಲ್ಲರ ಲಿಪಿಯಲ್ಲಿ ನಿಷ್ಠೆಯಿಂದ ಬರೆದು ಮುಗಿಸಿ, ಕೊನೆಯ ಒಂದು ಪದವನ್ನು ಮಾತ್ರ ತಾನು ಮೊದಲು ಕಲಿತ ಅಕ್ಷರದಲ್ಲಿ ಬರೆದುಕೊಂಡ.

ಸಿಂಧನೂರು, ಲಿಂಗಸುಗೂರು, ಮಸ್ಕಿಗಳಿಂದ ಪ್ರತಿವರ್ಷ ಎಷ್ಟೋ ಮಕ್ಕಳು ಓದಿಗೆ, ಕೆಲಸಕ್ಕೆ ದೂರ ಹೋಗುತ್ತಾರೆ. ಕೆಲವರು ಕಡಲಾಚೆಗೂ. ಹೋದಲ್ಲಿನ ಮಾತು ಕಲಿಯುವುದು, ಒಪ್ಪಿಕೊಂಡ ಕೆಲಸ ಶ್ರದ್ಧೆಯಿಂದ ಮಾಡುವುದು, ಸಣ್ಣವರು ದೊಡ್ಡವರು ಎನ್ನದೆ ಎಲ್ಲರೊಡನೆ ಬೆರೆಯುವುದು, ಪರರನ್ನು ಹಳಿಯದಿರುವುದು. ದೂತರಿಗೆ ಬೇಕಾದ ಈ ನಾಲ್ಕೂ ಇವರಿಗೂ ಬೇಕು. ಜೊತೆಗೆ ಕೊನೆಯ ಒಂದು ಪದವನ್ನು ತಮ್ಮ ಊರಿನ ಅಕ್ಷರದಲ್ಲಿ ಬರೆಯುವಷ್ಟು ನೆನಪು. ಮನೆಯವರು ಮಾಡಬೇಕಾದದ್ದು ಸುವರ್ಣಗಿರಿಯ ಆರ್ಯಪುತ್ರ ಮಾಡಿದ್ದನ್ನೇ. ಅಪ್ಪಣೆ, ಉಪದೇಶ ಆಮೇಲೆ ಇರಲಿ. ಮೊದಲು ಆರೋಗ್ಯ ವಿಚಾರಿಸಬೇಕು.

ಮಾಡಿ ನೋಡಿ: ಕರ್ನಾಟಕದ ನಕ್ಷೆಯಲ್ಲಿ ಮಸ್ಕಿ, ಸಿಂಧನೂರು, ಸಿರುಗುಪ್ಪ, ಬಳ್ಳಾರಿ, ಮೊಳಕಾಲ್ಮೂರು ಗುರುತಿಸಿ. ಒಂದು ದಾರವನ್ನು ಆ ಊರುಗಳ ಮೇಲೆ ಬಾಗಿಸಿ ಇಟ್ಟು, ಅದರ ಉದ್ದವನ್ನು ನಕ್ಷೆಯ ಅಳತೆಪಟ್ಟಿಗೆ ಹೋಲಿಸಿ. ದಿನಕ್ಕೆ 24 ಕಿ.ಮೀ.ನಂತೆ ಎಷ್ಟು ದಿನ ಬಂತು? ರಜೆಯಲ್ಲಿ ಮಸ್ಕಿಯ ಗುಡ್ಡಕ್ಕೆ ಹೋದರೆ ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನ ಹೊತ್ತು ಆರಿಸಿಕೊಳ್ಳಿ. ಬೆಳಕು ಓರೆಯಾದಷ್ಟೂ ಕೊರೆದ ಗೆರೆಗಳ ನೆರಳು ಚೆನ್ನಾಗಿ ಕಾಣುತ್ತದೆ. ಬಂಡೆಗಳ ಮೇಲೆ ಸೀಮೆಸುಣ್ಣದಲ್ಲಾಗಲಿ ಮೊಳೆಯಲ್ಲಾಗಲಿ ನಿಮ್ಮ ಹೆಸರು ಬರೆಯಬೇಡಿ. ಅಲ್ಲಿ ಇರಬೇಕಾದ ಹೆಸರು ಆಗಲೇ ಇದೆ.